ಬಾಯಲ್ಲಿರುವುದನ್ನೇ ಕೊಡಬೇಕು

ಸಿಲಿಂಡರುಗಳಿಗೆ ಗಾಳಿ ತುಂಬುವವನನ್ನು ಅಂಗಡಿಯಲ್ಲಿ ಎಲ್ಲರೂ ಗಾಳಿಯಣ್ಣ ಎಂದೇ ಕರೆಯುತ್ತಿದ್ದರು. ಅವನು ದಿನಕ್ಕೊಂದು ಸಲವಾದರೂ ದುರಸ್ತಿ ಕೋಣೆಯ ಬಾಗಿಲಿಗೆ ಒರಗಿ ಅದೇ ಮಾತು ತೆಗೆಯುತ್ತಿದ್ದ.

"ಡಾಕ್ಟ್ರಮ್ಮ, ನಿಜ ಹೇಳಿ. ಮೇಷ್ಟ್ರಿಗೆ ಈಗ ಮನೇಲಿ ಎರಡು ತುತ್ತು ಜಾಸ್ತಿ ಬಡಿಸ್ತೀರೋ ಇಲ್ವೋ?"

"ಬಡಿಸ್ತೀನಿ. ನಾನು ಮರೆತ್ರೂ ಅವರೇ ಕೇಳಿ ಹಾಕಿಸ್ಕೋತಾರೆ."

"ಹಾಕ್ಬೇಕಮ್ಮ. ಪ್ರಾಣ ಉಳಿಸಿದ ಗಂಡ ಎಷ್ಟು ಜನಕ್ಕೆ ಸಿಗ್ತಾನೆ. ನಮ್ಮನೇಲಿ ನಾನು ಪಾತ್ರೆ ತೊಳೆದ್ರೇ ದೊಡ್ಡ ಸುದ್ದಿ."

ಅವಳೂ ನಗುತ್ತಿದ್ದಳು. ಮೂರು ವಾರದಿಂದ ಅದೇ ನಗು ನಕ್ಕೂ ನಕ್ಕೂ ದವಡೆ ಹಿಡಿದುಕೊಂಡಂತಾಗಿತ್ತು.

ಅದು ಡೈವಿಂಗ್ ಸಾಮಾನಿನ ಅಂಗಡಿಯ ಹಿಂದಿನ ಕೋಣೆ. ಒಂದು ಉದ್ದ ಮೇಜು, ಬಗ್ಗುವ ಕತ್ತಿನ ದೀಪ, ರಬ್ಬರ್ ಉಂಗುರಗಳನ್ನು ಅಳತೆವಾರು ತುಂಬಿಟ್ಟ ಸಣ್ಣ ಸಣ್ಣ ಡಬ್ಬಿಗಳು. ನೀರಿನೊಳಗೆ ಉಸಿರಾಡಲು ಬೇಕಾದ ರೆಗ್ಯುಲೇಟರುಗಳನ್ನು ಬಿಚ್ಚಿ, ತೊಳೆದು, ಸವೆದದ್ದನ್ನು ಬದಲಿಸಿ, ಮತ್ತೆ ಜೋಡಿಸಿ ಕೊಡುವುದು ಅವಳ ಕೆಲಸ. ಆ ಕೆಲಸಕ್ಕೇ ಡಾಕ್ಟ್ರಮ್ಮ ಎಂಬ ಹೆಸರು ಬಿದ್ದಿತ್ತು. ಅವಳ ಗಂಡ ಅದೇ ಅಂಗಡಿಯಲ್ಲಿ ಆಳದ ಡೈವಿಂಗ್ ಕಲಿಸುತ್ತಿದ್ದ. ಅವನು ಎಲ್ಲರಿಗೂ ಮೇಷ್ಟ್ರು.

ಮೇಜಿನ ಮೇಲೆ ಈಗ ಹರಡಿಕೊಂಡಿದ್ದದ್ದು ಮಗಳ ಹೊಸ ಸೆಟ್ಟು. ಇಪ್ಪತ್ತು ವರ್ಷದ ಮಗಳು ಬರುವ ಭಾನುವಾರ ಮೊದಲ ಸಲ ಮೂವತ್ತೆಂಟು ಮೀಟರ್ ಆಳಕ್ಕೆ ಇಳಿಯುವವಳಿದ್ದಳು. ಜೊತೆಗೆ ಅಪ್ಪ. ಅವರಿಬ್ಬರೇ.

ಆಳಕ್ಕೆ ಇಳಿಯುವವರು ಬೆನ್ನಿಗೆ ಎರಡು ಸಿಲಿಂಡರ್ ಕಟ್ಟಿಕೊಳ್ಳುತ್ತಾರೆ. ಎರಡರ ಕುತ್ತಿಗೆಗೂ ಅಡ್ಡಲಾಗಿ ಒಂದು ಕೊಳವೆ, ಕೊಳವೆಯ ನಡುವೆ ಮುಚ್ಚಿ ತೆರೆಯಲು ಒಂದು ತಿರುಪು. ಬಲಗಡೆಯಿಂದ ಎರಡು ಮೀಟರಿಗೂ ಮಿಕ್ಕಿದ ಉದ್ದದ ಪೈಪು ಹೊರಟು, ಸೊಂಟದವರೆಗೆ ಇಳಿದು, ಎದೆಯ ಮೇಲೆ ಅಡ್ಡ ಹಾದು, ಕುತ್ತಿಗೆಯ ಹಿಂದಿನಿಂದ ಸುತ್ತಿ ಬಂದು ಬಾಯಿ ಸೇರುತ್ತದೆ. ಎಡಗಡೆಯಿಂದ ಮೊಳದುದ್ದಕ್ಕಿಂತ ತುಸು ಹೆಚ್ಚಿನ ಗಿಡ್ಡ ಪೈಪು. ಅದರ ತುದಿಯ ರೆಗ್ಯುಲೇಟರು ರಬ್ಬರ್ ದಾರದಲ್ಲಿ ಗದ್ದದ ಕೆಳಗೆ ಸರದ ಹಾಗೆ ತೂಗುತ್ತಿರುತ್ತದೆ. ಜೊತೆಯವರ ಗಾಳಿ ಮುಗಿದರೆ ಆ ಕುತ್ತಿಗೆಯದನ್ನು ಕೊಡುವ ಹಾಗಿಲ್ಲ. ಬಾಯಲ್ಲಿರುವುದನ್ನೇ ತೆಗೆದು ಕೊಡಬೇಕು. ಸರಿಯಾಗಿ ಕೆಲಸ ಮಾಡುತ್ತಿದೆ ಎಂದು ಆ ಗಳಿಗೆಯಲ್ಲಿ ಖಾತ್ರಿ ಇರುವುದು ಅದೊಂದೇ. ಗಾಳಿ ಮುಗಿದವರ ಹತ್ತಿರ ಪರೀಕ್ಷೆ ಮಾಡಿ ನೋಡುವಷ್ಟು ಉಸಿರಿರುವುದಿಲ್ಲ. ಕೊಟ್ಟ ಮೇಲೆ ತಲೆ ತಗ್ಗಿಸಿ ತನ್ನ ಗದ್ದದ ಕೆಳಗಿನದನ್ನು ಕಚ್ಚಿಕೊಳ್ಳಬೇಕು. ಮೊದಲು ಅವರದು, ಆಮೇಲೆ ತನ್ನದು.

"ಉದ್ದದ್ದು ನಿಮ್ಮದಲ್ಲ. ನಿಮ್ಮ ಬಾಯಲ್ಲಿದೆ ಅಷ್ಟೇ. ಅದು ನಿಮ್ಮ ಜೊತೆಯವರದು." ಪಾಠದ ಮೊದಲ ದಿನವೇ ಗಂಡ ಹೀಗೆ ಹೇಳಿ ಒಂದು ಕ್ಷಣ ಸುಮ್ಮನಾಗುತ್ತಿದ್ದ, ಕೇಳಿದವರ ಎದೆಗೆ ಇಳಿಯಲಿ ಎಂದು. ಇಪ್ಪತ್ತಮೂರು ವರ್ಷದ ಹಿಂದೆ ಹಿಂದಿನ ಸಾಲಿನಲ್ಲಿ ಕೂತು ಕೇಳಿದವಳ ಎದೆಗೂ ಅದು ಇಳಿದಿತ್ತು. ಈ ಮನುಷ್ಯನನ್ನು ಮದುವೆಯಾಗಲು ಅವಳಿಗೆ ಬೇರೆ ಕಾರಣ ಬೇಕಾಗಿರಲಿಲ್ಲ.

ಮೂರು ವಾರದ ಹಿಂದೆ ಗಂಡಹೆಂಡತಿ ಇಬ್ಬರೂ ಹಳೆಯ ಕಲ್ಲುಗಣಿಯ ಕೆರೆಗೆ ಇಳಿದಿದ್ದರು. ಗಣಿ ಮುಚ್ಚಿದ ಮೇಲೆ ನೀರು ತುಂಬಿ ಕೆರೆಯಾದ ಜಾಗ ಅದು. ತಳದಲ್ಲಿ ಕಲ್ಲು ಒಡೆಯುವ ಯಂತ್ರದ ಶೆಡ್ಡು ಹಾಗೆಯೇ ನಿಂತಿತ್ತು. ಶೆಡ್ಡಿನಿಂದ ಹೊರಬರುವಾಗ ಅವಳ ಬೆನ್ನ ಮೇಲಿನ ಕೊಳವೆ ಕಬ್ಬಿಣದ ತೊಲೆಗೆ ಬಡಿಯಿತು. ಬಸ್ಸಿನ ಟೈರು ಒಡೆದ ಹಾಗೆ ತಲೆಯ ಹಿಂದೆ ಗಾಳಿ ನುಗ್ಗತೊಡಗಿತು. ಕೈ ಹಿಂದೆ ಹಾಕಿ ನಡುವಿನ ತಿರುಪನ್ನು ಮುಚ್ಚಲು ಹೋದಳು. ಬಡಿದ ಹೊಡೆತಕ್ಕೆ ಅದರ ಕಡ್ಡಿಯೇ ಬಾಗಿತ್ತು, ಮಿಸುಕಲಿಲ್ಲ. ಎರಡೂ ಸಿಲಿಂಡರು ಒಟ್ಟಿಗೆ ಬರಿದಾಗುತ್ತಿದ್ದವು. ಅವಳಿಗೆ ಗಾಬರಿಯಾಗಲಿಲ್ಲ, ಇದನ್ನು ಅವಳು ಈಗಲೂ ಆಣೆ ಮಾಡಿ ಹೇಳಬಲ್ಲಳು. ದೀಪ ಬೀಸಿ ಗಂಡನನ್ನು ಕರೆದಳು. ಗಂಟಲ ಮೇಲೆ ಅಂಗೈ ಅಡ್ಡ ಎಳೆದು ಗಾಳಿ ಇಲ್ಲವೆಂದು ತೋರಿಸಿ ಕೈ ಚಾಚಿದಳು.

ಅವನು ಬಂದ. ಬಲಗೈ ಬಾಯಿಯವರೆಗೆ ಹೋಯಿತು, ಉದ್ದ ಪೈಪಿನ ರೆಗ್ಯುಲೇಟರನ್ನು ಮುಟ್ಟಿತು, ನಿಂತಿತು. ಅವಳ ದೀಪದ ಬೆಳಕು ಅವನ ಮುಖದ ಮೇಲೇ ಇತ್ತು. ಆಮೇಲೆ ಆ ಕೈ ಕೆಳಗೆ ಜಾರಿ, ಕುತ್ತಿಗೆಯದನ್ನು ದಾರದಿಂದ ಕಿತ್ತು ಅವಳತ್ತ ಚಾಚಿತು.

ಗಿಡ್ಡ ಪೈಪಿನದು ಬಾಯಿಗೆ ಎಟುಕಬೇಕಾದರೆ ಅವನ ಎದೆಗೆ ಅಂಟಿಕೊಳ್ಳಬೇಕಾಯಿತು. ಮೊದಲ ಉಸಿರಿಗೇ ಅರ್ಧ ಬಾಯಿ ನೀರು. ಕೆಮ್ಮಿದಳು, ರೆಗ್ಯುಲೇಟರಿನೊಳಕ್ಕೇ ಕೆಮ್ಮಿದಳು. ಎರಡನೆಯದಕ್ಕೂ ನೀರು. ನಾಲಿಗೆ ಅಡ್ಡ ಹಿಡಿದು, ಹಲ್ಲಿನ ಸಂದಿಯಲ್ಲಿ ಗಾಳಿಯನ್ನು ಸೋಸಿ ನಿಧಾನಕ್ಕೆ ಎಳೆದರೆ ಮಾತ್ರ ಬದುಕು ಎಂದು ಐದಾರು ಉಸಿರಿನಲ್ಲಿ ಕಲಿತಳು. ಅಷ್ಟು ಆಳದಿಂದ ಒಮ್ಮೆಗೇ ಮೇಲೆ ಬರುವಂತಿಲ್ಲ. ಬಂದರೆ ರಕ್ತದಲ್ಲಿ ಗುಳ್ಳೆ ಏಳುತ್ತದೆ. ನಿಂತು ನಿಂತು ಬರಬೇಕು. ಆರು ಮೀಟರಿನಲ್ಲಿ ಹಗ್ಗಕ್ಕೆ ಕಟ್ಟಿಟ್ಟ ಬೇರೆ ಸಿಲಿಂಡರುಗಳು ಸಿಗುವವರೆಗೆ ಹದಿನಾಲ್ಕು ನಿಮಿಷ. ಹದಿನಾಲ್ಕು ನಿಮಿಷವೂ ಮುಖಕ್ಕೆ ಮುಖ ತಾಗಿಸಿಕೊಂಡು. ಅಷ್ಟು ಹತ್ತಿರ ಅವನು ಬಂದು ಎಷ್ಟು ವರ್ಷವಾಗಿತ್ತೋ. ಗಾಜಿನ ಹಿಂದೆ ಅವನ ಕಣ್ಣು ಸ್ಪಷ್ಟವಾಗಿ ಕಾಣುತ್ತಿತ್ತು. ಆ ಕಣ್ಣು ತನ್ನ ಗಾಳಿಯ ಮೀಟರ್ ನೋಡುತ್ತಿತ್ತು, ಗಡಿಯಾರ ನೋಡುತ್ತಿತ್ತು, ಹಗ್ಗ ನೋಡುತ್ತಿತ್ತು.

ಹಗ್ಗದ ಹತ್ತಿರ ಕಾಯುತ್ತಿದ್ದ ಇನ್ನೊಬ್ಬ ಡೈವರ್ ಕೈಯಲ್ಲಿ ಕ್ಯಾಮೆರಾ ಇತ್ತು. ಆತ ತೆಗೆದ ಫೋಟೋದಲ್ಲಿ ಕೆಳಗಿನ ಹಸಿರು ಕತ್ತಲಿನಿಂದ ಗಂಡಹೆಂಡತಿ ಒಬ್ಬರನ್ನೊಬ್ಬರು ಅಪ್ಪಿಕೊಂಡು ಮೇಲೇಳುತ್ತಿದ್ದಾರೆ, ಸುತ್ತ ಬೆಳ್ಳಿಯಂಥ ಗುಳ್ಳೆಗಳು. ಅದನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಅಂಗಡಿಯ ಮುಂದಿನ ಗೋಡೆಗೆ ತೂಗುಹಾಕಿದ್ದರು. ಬಂದವರೆಲ್ಲ ಅದರ ಮುಂದೆ ನಿಂತು ಲೊಚಗುಟ್ಟುತ್ತಿದ್ದರು. ಗಂಡನ ಅಕ್ಕನಂತೂ ಫೋನು ಮಾಡಿದಾಗಲೆಲ್ಲ, "ನನ್ನ ತಮ್ಮ ಇಲ್ದಿದ್ರೆ ನೀನು ಆ ಫೋಟೋದಲ್ಲಿ ಒಬ್ಳೇ ಇರ್ತಿದ್ದೆ ಕಣೇ, ಅದೂ ಬರೀ ಮುಖ, ಮೇಲೊಂದು ಹಾರ," ಎಂದು ನಗುತ್ತಿದ್ದಳು. "ಹೌದು ಅತ್ತಿಗೆ," ಎಂದು ಇವಳೂ ಒಪ್ಪುತ್ತಿದ್ದಳು. ಕಸುಬು ಗೊತ್ತಿರುವ ಯಾರಾದರೂ ಎರಡು ನಿಮಿಷ ಕಣ್ಣಿಟ್ಟು ನೋಡಿದ್ದರೆ, ಉದ್ದದ ಪೈಪು ಇನ್ನೂ ಅವನ ಕುತ್ತಿಗೆಗೇ ಸುತ್ತಿಕೊಂಡಿದ್ದದ್ದು ಕಾಣುತ್ತಿತ್ತು. ಕಸುಬು ಗೊತ್ತಿದ್ದವರೇ ದಿನಾ ನೋಡುತ್ತಿದ್ದರು.

ಮೇಲೆ ಬಂದ ಮಾರನೆಯ ದಿನ ಅವನು ಇನ್ನೂ ಮಲಗಿರುವಾಗ ಅವಳು ಆ ರೆಗ್ಯುಲೇಟರನ್ನು ಕೇಳದೆ ತಂದು ಮೇಜಿನ ಮೇಲೆ ಬಿಚ್ಚಿದ್ದಳು. ಬಿಟ್ಟ ಉಸಿರು ಹೊರಹೋಗಲು ಅದರ ಅಡಿಯಲ್ಲಿ ಒಂದು ತೆಳ್ಳನೆಯ ರಬ್ಬರ್ ಬಿಲ್ಲೆ ಇರುತ್ತದೆ. ಅದರ ಅಂಚು ಉಗುರಿನಗಲ ಹರಿದಿತ್ತು. ಹೊಸದಾಗಿ ಹರಿದ ರಬ್ಬರಿನ ಬಾಯಿ ಕಪ್ಪಗೆ, ಮೆತ್ತಗೆ ಇರುತ್ತದೆ. ಇದು ಒಣಗಿ ಗಟ್ಟಿಯಾಗಿ, ಸೀಳಿನೊಳಗೆ ನೀರಿನ ಬಿಳಿಯ ಸುಣ್ಣ ಕಟ್ಟಿತ್ತು. ಕಡಿಮೆಯೆಂದರೂ ಐದಾರು ತಿಂಗಳಿನದು. ಅವಳು ಕೊನೆಯ ಸಲ ಅದನ್ನು ದುರಸ್ತಿ ಮಾಡಿ ಕಟ್ಟಿದ್ದ ಚೀಟಿಗೆ ಎರಡು ವರ್ಷವಾಗಿತ್ತು. ತಂದುಕೊಡಿ ಎಂದು ಎಷ್ಟೋ ಸಲ ಹೇಳಿದ್ದಳು. ಮುಂದಿನ ವಾರ, ಮುಂದಿನ ವಾರ ಎನ್ನುತ್ತಿದ್ದ.

ಬಿಲ್ಲೆಯನ್ನು ಅಂಗೈಯಲ್ಲಿಟ್ಟುಕೊಂಡು ಮನೆಗೆ ಹೋದಳು. ಅವನು ಬಚ್ಚಲಲ್ಲಿ ಕೈಗವಸುಗಳನ್ನು ಬಕೆಟ್ಟಿನಲ್ಲಿ ಅದ್ದಿ ತೊಳೆಯುತ್ತಿದ್ದ.

"ಇದು ಹರಿದು ಎಷ್ಟು ದಿನ ಆಯ್ತು?"

"ಏನದು?"

"ನಿಮ್ಮ ಕುತ್ತಿಗೇದರದ್ದು."

"ಹೌದಾ, ಹರಿದಿದೆಯಾ."

"ಗೊತ್ತಿರ್ಲಿಲ್ವಾ?"

"ಸ್ವಲ್ಪ ನೀರು ಬರ್ತಿತ್ತು. ನಿನ್ನ ಕೈಗೆ ಕೊಟ್ರೆ ಅದಕ್ಕೊಂದು ಪುರಾಣ ಓದ್ತೀಯ ಅಂತ ಸುಮ್ನಿದ್ದೆ."

"ನೀರು ಬರುತ್ತೆ ಅಂತ ಗೊತ್ತಿದ್ದೂ ಅದನ್ನೇ ನಂಗೆ ಕೊಟ್ರಾ?"

ಅವನು ಕೈಗವಸನ್ನು ಹಿಂಡಿದ. ನೀರೆಲ್ಲ ಇಳಿದ ಮೇಲೂ ಹಿಂಡುತ್ತಲೇ ಇದ್ದ. "ಕೊಟ್ಟೆನಲ್ಲ. ಬದುಕಿದೀಯಲ್ಲ."

"ಕೈ ಮೊದಲು ಬಾಯಿಗೆ ಹೋಗಿತ್ತು ರೀ. ನಾನು ನೋಡಿದೆ."

"ನೋಡಿದ್ಯಾ. ಸರಿ ಹಾಗಾದ್ರೆ, ಇದನ್ನೂ ಕೇಳು. ಅದನ್ನ ನಾನು ಬಾಯಿಗಿಟ್ಟಿದ್ರೆ ನಾನೂ ಕೆಮ್ತಿದ್ದೆ. ಇಬ್ಬರೂ ಕೆಮ್ತಾ ಕೂತಿದ್ರೆ ಮೇಲೆ ಕರ್ಕೊಂಡು ಬರೋರು ಯಾರು? ಒಬ್ರಾದ್ರೂ ನೆಟ್ಟಗಿರ್ಬೇಕಿತ್ತು."

ಮಾತು ತಪ್ಪಲ್ಲ, ಅದೇ ಅವಳಿಗೆ ಹೆಚ್ಚು ಚುಚ್ಚಿದ್ದು. ಒಬ್ಬರಾದರೂ ನೆಟ್ಟಗಿರಬೇಕಿತ್ತು. ಆ ಒಬ್ಬರು ಯಾರು ಎನ್ನುವುದು ತೀರ್ಮಾನವಾದದ್ದು ಬಾಯಿಗೆ ಹೋದ ಕೈ ನಿಂತಿತಲ್ಲ, ಆ ಕ್ಷಣದಲ್ಲಿ. ಅವನಿಗೆ ಯೋಚಿಸಲೂ ಹೊತ್ತು ಬೇಕಾಗಿರಲಿಲ್ಲ. ಎಷ್ಟು ವರ್ಷದಿಂದ ಮನಸ್ಸಿನಲ್ಲಿ ತೀರ್ಮಾನವಾಗಿಯೇ ಇತ್ತೋ.

ಅದೇ ಮಧ್ಯಾಹ್ನ ಅವಳೇ ಹೊಸ ಬಿಲ್ಲೆ ಹಾಕಿ, ಹೊಸ ಚೀಟಿ ಕಟ್ಟಿ, ಅವನ ಸೆಟ್ಟಿಗೆ ಅದನ್ನು ಜೋಡಿಸಿಟ್ಟಳು. ಅವನು ನೋಡಿ, "ಥ್ಯಾಂಕ್ಸ್ ಡಾಕ್ಟ್ರೇ," ಎಂದ. ಬಿಲ್ಲೆಯದು ಅಲ್ಲಿಗೆ ಮುಗಿಯಿತು. ಆ ಕೈಯನ್ನು ಬಿಚ್ಚಿ ನೋಡುವ ಸಲಕರಣೆ ಅವಳ ಮೇಜಿನ ಮೇಲಿರಲಿಲ್ಲ. ಭಾನುವಾರ ಅದೇ ಕೈಯ ಜೊತೆ ಮಗಳು ಅದೇ ಶೆಡ್ಡಿನ ಆಳಕ್ಕೆ ಇಳಿಯುತ್ತಾಳೆ.

ಗುರುವಾರ ಸಂಜೆ ಮಗಳು ಪಟ್ಟಿಗಳ ಅಳತೆ ಕೊಡಲು ಕೋಣೆಗೆ ಬಂದಳು. ರಬ್ಬರ್ ದಾರವನ್ನು ಅವಳ ಕುತ್ತಿಗೆಗೆ ಹಾಕಿ, ಎರಡು ಬೆರಳು ಸಡಿಲ ಬಿಟ್ಟು ಗಂಟು ಹಾಕುತ್ತಾ ತಾಯಿ ಮೆಲ್ಲಗೆ ಕೇಳಿದಳು.

"ಭಾನುವಾರ ಅಪ್ಪನ ಬದಲು ಬೇರೆ ಯಾರ ಜೊತೆಗಾದ್ರೂ ಇಳೀಬಾರ್ದಾ?"

"ಯಾಕೆ? ಅಪ್ಪನಿಗಿಂತ ಒಳ್ಳೆಯವರು ಯಾರಿದಾರೆ?"

ತಾಯಿ ಹೇಳಿದಳು. ಕೈ ಎಲ್ಲಿಯವರೆಗೆ ಹೋಗಿ ನಿಂತಿತು, ಯಾವುದನ್ನು ಕೊಟ್ಟಿತು, ಬಿಲ್ಲೆ ಹೇಗಿತ್ತು, ಎಲ್ಲವನ್ನೂ ಉಪ್ಪು ಖಾರ ಹಚ್ಚದೆ ಹೇಳಿದಳು. ಗೋಡೆಯ ಮೇಲಿನ ಫೋಟೋ ನೋಡು, ಪೈಪು ಎಲ್ಲಿದೆ ನೋಡು ಎಂದಳು. ಮಗಳು ಹೋಗಿ ನೋಡಿ ಬಂದಳು. ಮುಖ ಬಿಗಿದಿತ್ತು.

"ಗಿಡ್ಡದ್ದು ಕೊಟ್ಟಿದಾರೆ. ಏನೀಗ? ಕೊಟ್ರಲ್ಲ. ನೀನು ಬದುಕಿದೀಯಲ್ಲ."

ಅಪ್ಪನ ಮಾತೇ, ಅಕ್ಷರ ಹೆಚ್ಚುಕಮ್ಮಿಯಿಲ್ಲದೆ. ತಾಯಿಯ ಕೈ ಗಂಟಿನ ಮೇಲೇ ನಿಂತಿತು.

"ಅಮ್ಮ, ಬೇಜಾರ್ ಮಾಡ್ಕೋಬೇಡ. ನಿಂಗೆ ಅವತ್ತು ಗಾಬರಿ ಆಗಿತ್ತು. ಗಾಬರೀಲಿ ಏನೇನೋ ಕಾಣುತ್ತೆ. ಅಪ್ಪನ ಹೆಸರು ಇಷ್ಟು ಮೇಲೆ ಬಂದಿರೋದು ನಿಂಗೆ ಸಹಿಸೋಕಾಗ್ತಿಲ್ಲ ಅಂತ ಬೇರೆ ಯಾರಾದ್ರೂ ಅಂದ್ಕೋತಾರೆ."

"ಬೇರೆ ಯಾರಾದ್ರೂನಾ?"

ಮಗಳು ದಾರವನ್ನು ತಲೆಯ ಮೇಲಿಂದ ತೆಗೆದಿಟ್ಟು ಹೋದಳು.

ಮಾತು ಮನೆ ಮುಟ್ಟಲು ಎಷ್ಟು ಹೊತ್ತು ಬೇಕು. ಗಂಡ ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಊಟದ ತಟ್ಟೆ ಸರಿಸಿ, ಪಾಠ ಮಾಡುವ ಧ್ವನಿಯಲ್ಲಿ ಹೇಳಿದ: "ನಾಳೆ ಸಂಜೆ ಮೂವರೂ ಕೆರೆಗೆ ಹೋಗೋಣ. ಅವಳ ಕಣ್ಣೆದುರಿಗೇ ಮಾಡೋಣ. ನೀನು ಗಾಳಿ ಇಲ್ಲ ಅಂತ ತೋರಿಸು. ನಾನೇನು ಕೊಡ್ತೀನಿ, ಅವಳೇ ನೋಡ್ಲಿ."

ಬೇಡವೆಂದರೆ ಸುಳ್ಳುಗಾತಿಯಾಗುತ್ತಿದ್ದಳು. ಒಪ್ಪಿಕೊಂಡಳು. ಒಪ್ಪಿಕೊಂಡ ಮರುಗಳಿಗೆಯೇ ತಿಳಿಯಿತು, ಇದರಲ್ಲಿ ತಾನು ಗೆಲ್ಲುವ ದಾರಿ ಒಂದೂ ಇಲ್ಲ ಎಂದು.

ಐದು ಮೀಟರಿನಲ್ಲಿ ತರಬೇತಿಗೆಂದು ಇಳಿಬಿಟ್ಟ ಹಲಗೆಯ ಕಟ್ಟೆಯಿತ್ತು. ಶುಕ್ರವಾರ ಸಂಜೆಯ ಬೆಳಕು ಅಲ್ಲಿಯವರೆಗೂ ಹಳದಿಯಾಗಿ ಇಳಿದಿತ್ತು. ಮಗಳು ಕಟ್ಟೆಯ ಅಂಚಿನಲ್ಲಿ ಮಂಡಿಯೂರಿ ಕೂತಳು. ತಾಯಿ ಗಂಟಲ ಮೇಲೆ ಕೈ ಎಳೆದಳು. ಗಂಡನ ಕೈ ಬಾಯಿಗೆ ಹೋಯಿತು, ಎಲ್ಲಿಯೂ ನಿಲ್ಲಲಿಲ್ಲ. ತಲೆ ಸ್ವಲ್ಪ ಬಾಗಿಸಿ ಉದ್ದದ ಪೈಪನ್ನು ಕುತ್ತಿಗೆಯ ಹಿಂದಿನಿಂದ ಬಿಡಿಸಿ, ತೋಳು ನೇರ ಚಾಚಿ, ರೆಗ್ಯುಲೇಟರನ್ನು ಅವಳ ತುಟಿಯ ಮುಂದೆ ಹಿಡಿದ. ಸಲೀಸಾಗಿ, ಚೆಂದವಾಗಿ, ಪುಸ್ತಕದಲ್ಲಿ ಬರೆದ ಹಾಗೆ. ಇನ್ನೊಂದು ಕೈಯಲ್ಲಿ ತನ್ನ ಕುತ್ತಿಗೆಯದನ್ನು ಬಾಯಿಗಿಟ್ಟುಕೊಂಡ. ಅವಳೇ ಹೊಸ ಬಿಲ್ಲೆ ಹಾಕಿ ಸರಿಮಾಡಿಕೊಟ್ಟದ್ದು. ಒಂದು ಹನಿ ನೀರೂ ಬಂದಿರಲಾರದು. ಗಾಜಿನ ಹಿಂದೆ ಅವನ ಕಣ್ಣು ನಗುತ್ತಿತ್ತು.

ಅವಳು ಅವನ ಗಾಳಿಯನ್ನು ಎಳೆದುಕೊಂಡಳು. ಒಣಗಿದ, ತಣ್ಣನೆಯ, ಒಳ್ಳೆಯ ಗಾಳಿ. ಕಟ್ಟೆಯ ಅಂಚಿನಲ್ಲಿ ಮಗಳು ಹೆಬ್ಬೆರಳಿಗೆ ತೋರುಬೆರಳು ಸೇರಿಸಿ, ಎಲ್ಲ ಸರಿಯಾಗಿದೆ ಎಂದು ತೋರಿಸುತ್ತಿದ್ದಳು. ತಾಯಿಗಲ್ಲ, ಅಪ್ಪನಿಗೆ.

ದಡದಲ್ಲಿ ಅವನು ಮುಖ ಒರೆಸಿಕೊಳ್ಳುತ್ತಾ ಕೇಳಿದ: "ಈಗ ಸಮಾಧಾನ ಆಯ್ತಾ?"

"ಆಯ್ತು," ಎಂದಳು ಅವಳು.

ರಾತ್ರಿಯೆಲ್ಲ ಅತ್ತಳು ಎಂದು ಬರೆದರೆ ಸುಳ್ಳಾಗುತ್ತದೆ. ಚೆನ್ನಾಗಿ ನಿದ್ದೆ ಬಂತು. ಬೆಳಗ್ಗೆ ಎದ್ದಾಗ ಮನಸ್ಸು ಒಂದೇ ವಿಷಯದ ಸುತ್ತ ಗಟ್ಟಿಯಾಗಿ ನಿಂತಿತ್ತು. ಮಗಳು ನಂಬುವುದು ಬೇಕಾಗಿಲ್ಲ. ಬದುಕಿ ಮೇಲೆ ಬಂದರೆ ಸಾಕು.

ಶನಿವಾರ ಗಂಡನಿಗೆ ತರಗತಿ ಇತ್ತು. ಅವಳು ಮಗಳನ್ನು ಎಬ್ಬಿಸಿ, "ಹೊಸ ಸೆಟ್ಟು ಒಂದ್ಸಲ ನೀರಲ್ಲಿ ನೋಡ್ಬೇಕು, ಬಾ," ಎಂದಳು. ಕೆಲಸದ ಮಾತಿಗೆ ಮಗಳು ಇಲ್ಲವೆನ್ನಲಿಲ್ಲ. ಸೊಂಟದ ಮಟ್ಟದ ನೀರಿನಲ್ಲಿ ಇಬ್ಬರೂ ನಿಂತಾಗ ತಾಯಿ ತನ್ನ ಬಾಯಿಯ ರೆಗ್ಯುಲೇಟರನ್ನು ಕೈಗೆ ತೆಗೆದುಕೊಂಡು ಹೇಳಿದಳು:

"ಕೇಳೋದು, ಕೊಡೋದು ನಿಂಗೆ ಬರುತ್ತೆ. ಇವತ್ತು ಅದಲ್ಲ. ಇವತ್ತು ನೀನು ಕೇಳ್ಬೇಡ. ಬಂದು ಬಾಯಿಂದ ಕಿತ್ಕೋ."

"ಕಿತ್ಕೊಳ್ಳೋದಾ? ಅದು ತಲೆಕೆಟ್ಟು ಗಾಬರಿ ಬಿದ್ದವರು ಮಾಡೋದು. ಹಾಗೆ ಮಾಡಲೇಬಾರದು ಅಂತಾರೆ ಅಪ್ಪ."

"ಅಂತಾರೆ. ಎಡಗೈಯಲ್ಲಿ ಮೊದಲು ಭುಜದ ಪಟ್ಟಿ ಹಿಡ್ಕೋ, ಗಟ್ಟಿಯಾಗಿ. ಇಲ್ದಿದ್ರೆ ದೂಡ್ತಾರೆ."

"ಯಾರು ದೂಡ್ತಾರೆ?"

"ಯಾರಾದ್ರೂ. ಬಲಗೈಲಿ ಇದನ್ನ ಮುಂದಿನಿಂದ ಪೂರ್ತಿ ಹಿಡಿ, ಹೀಗೆ. ಎಳೀಬೇಡ, ಕೆಳಗೆ ತಿರುಚು. ಹಲ್ಲು ಬಿಟ್ಟುಕೊಡುತ್ತೆ."

ಮಗಳು ತಾಯಿಯ ಮುಖವನ್ನೇ ನೋಡಿದಳು. ರೆಗ್ಯುಲೇಟರ್ ಕಚ್ಚಿಕೊಂಡು ಹಲಗೆಯ ಕಟ್ಟೆಯತ್ತ ಮುಳುಗಿದಳು, ತಾಯಿ ಹಿಂದೆಯೇ ಇಳಿದಳು.

ಮೊದಲ ಸಲ ಹೂ ಬಿಡಿಸಿದ ಹಾಗೆ ಕಿತ್ತಳು. ತಾಯಿ ತಲೆ ಅಲ್ಲಾಡಿಸಿದಳು. ಎರಡನೆಯ ಸಲ ಪಟ್ಟಿ ಹಿಡಿಯಲು ಮರೆತಳು. ತಾಯಿ ಅವಳ ಎದೆಗೆ ಕೈಯಿಟ್ಟು ದೂಡಿದಳು, ಜೋರಾಗಿಯೇ. ಮಗಳು ಕಟ್ಟೆಯಿಂದಾಚೆ ತೇಲಿಹೋಗಿ, ಕಣ್ಣರಳಿಸಿ, ತಿರುಗಿ ಬಂದಳು. ಮೂರನೆಯದು, ನಾಲ್ಕನೆಯದು. ತಾಯಿ ಮುಖ ತಿರುಗಿಸಿಕೊಂಡಳು, ಕೈ ಅಡ್ಡ ಹಿಡಿದಳು, ಹಲ್ಲು ಕಚ್ಚಿ ಬಿಡದೆ ಹಿಡಿದಳು. ಏಳನೆಯ ಸಲಕ್ಕೆ ಮಗಳ ಎಡಗೈ ಭುಜದ ಪಟ್ಟಿಯನ್ನು ಹಿಡಿದ ಹಿಡಿತಕ್ಕೆ ಮೈ ಅಲುಗಿತು, ರೆಗ್ಯುಲೇಟರು ತುಟಿಯನ್ನು ಸೀಳಿಕೊಂಡು ಹೊರಬಿತ್ತು. ತಾಯಿ ತನ್ನ ಗದ್ದದ ಕೆಳಗಿನದನ್ನು ಕಚ್ಚಿಕೊಂಡಳು. ಬಾಯಲ್ಲಿ ರಕ್ತದ ರುಚಿ. ಮೂರು ವಾರದಲ್ಲಿ ಮೊದಲ ಸಲ ಅವಳಿಗೆ ಎದೆ ಹಗುರವಾದಂತೆನಿಸಿತು.

ಮೇಲೆ ಬಂದು ಇಬ್ಬರೂ ದಡದ ಕಲ್ಲು ಹಿಡಿದು ತೇಲುತ್ತಾ ನಿಂತರು.

"ಅಮ್ಮ, ತುಟಿ ಒಡೆದಿದೆ."

"ಇರ್ಲಿ. ಕೊನೇದು ಚೆನ್ನಾಗಿ ಬಂತು."

ಮಗಳು ನೀರಿನ ಮೇಲೆ ಅಂಗೈ ಆಡಿಸಿದಳು. ಆಮೇಲೆ ಎಲ್ಲೋ ನೋಡುತ್ತಾ ಕೇಳಿದಳು.

"ಅವತ್ತು ಅದು ನಿನ್ನ ಮುಖದ ಹತ್ತಿರಾನೇ ಇತ್ತಲ್ಲ."

"ನಾಲ್ಕು ಬೆರಳು ದೂರ."

"ನಿಂಗೆ ಇದು ಬರ್ತಿತ್ತು. ಮತ್ತೆ ನೀನ್ಯಾಕೆ ಕಿತ್ಕೊಳ್ಳಲಿಲ್ಲ?"

ಹೇಳಲು ಉತ್ತರಗಳಿದ್ದವು. ಹಾಗೆ ಕಿತ್ತರೆ ಇಬ್ಬರ ಜೀವಕ್ಕೂ ಅಪಾಯವಿತ್ತು ಎನ್ನಬಹುದಿತ್ತು. ನೀರು ಕುಡಿಯುತ್ತಿದ್ದವಳಿಗೆ ಅಷ್ಟು ತಲೆ ಓಡಲಿಲ್ಲ ಎನ್ನಬಹುದಿತ್ತು. ಓಡಿತ್ತು. ಆ ಹದಿನಾಲ್ಕು ನಿಮಿಷದಲ್ಲಿ ಅವಳಿಗೆ ಓಡಿದ್ದು ಅದೊಂದೇ ಯೋಚನೆ.

"ಕೊಡ್ತಾರೆ ಅಂದ್ಕೊಂಡಿದ್ದೆ," ಎಂದಳು.

"ಕೊನೇವರೆಗೂ?"

"ಹೂಂ."

ಮಗಳು ಮಾಸ್ಕಿಗೆ ಉಗುಳಿ, ಬೆರಳಲ್ಲಿ ಒರೆಸಿ, ಮುಖಕ್ಕೆ ಹಾಕಿಕೊಂಡಳು. "ಇನ್ನೊಂದ್ಸಲ ಮಾಡೋಣ," ಎಂದಳು. ಧ್ವನಿ ಒರಟಾಗಿತ್ತು.

ಇಬ್ಬರೂ ಇಳಿದರು. ಪಾದ ಹಲಗೆಗೆ ತಾಗಿ ತಾಯಿ ಇನ್ನೂ ನೆಟ್ಟಗೆ ನಿಂತಿರಲಿಲ್ಲ, ಭುಜದ ಪಟ್ಟಿಗೆ ಕೈ ಬಿದ್ದಾಗಿತ್ತು.